ಮದ್ದಿನ ಲುಂಗಿ ಮತ್ತು ಮೀಟಿಂಗು

ಮನೆಯಿಂದಲೇ ವಿಡಿಯೋ ಮೀಟಿಂಗಿಗೆ ಕೂತವರದ್ದು ಸೊಂಟದ ಮೇಲೆ ಆಫೀಸು, ಸೊಂಟದ ಕೆಳಗೆ ಮನೆ ಅನ್ನುವುದು ಈಗ ಹಳೆಯ ಜೋಕು. ಆದರೆ ಆ ಮನೆ ಯಾವ ಊರಲ್ಲಿದೆ ಅನ್ನುವುದರ ಮೇಲೆ ಕಷ್ಟ ಬೇರೆ ಬೇರೆ. ಬೆಂಗಳೂರಿನವರು ಬರ್ಮುಡಾ ಹಾಕುತ್ತಾರೆ. ಅದರಲ್ಲಿ ಎಂತದೂ ರಗಳೆ ಇಲ್ಲ, ಹಾಕಿದ ಜಾಗದಲ್ಲೇ ಇರುತ್ತದೆ. ನಮ್ಮದು ಕಾಸರಗೋಡು, ಪೆರ್ಲದ ಹತ್ತಿರ ಅಡಿಕೆ ತೋಟದ ನಡುವಿನ ಮನೆ. ಇಲ್ಲಿ ಗಂಡಸರಿಗೆ ಮನೆಯಲ್ಲಿ ಲುಂಗಿಯೇ.

2020ರ ಮಾರ್ಚಿನಲ್ಲಿ ತಂಗಿಯ ಮಗುವಿನ ನಾಮಕರಣಕ್ಕೆ ಅಂತ ನಾಲ್ಕು ದಿನದ ಲೆಕ್ಕದಲ್ಲಿ ಬಂದವನು ನಾನು. ಚೀಲದಲ್ಲಿ ಇದ್ದದ್ದು ಲ್ಯಾಪ್‌ಟಾಪು, ಎರಡು ಕಾಲರ್ ಶರ್ಟು, ಒಂದು ಜೀನ್ಸು. ಅಷ್ಟರಲ್ಲಿ ಲಾಕ್‌ಡೌನ್ ಆಯಿತು, ಕರ್ನಾಟಕಕ್ಕೆ ಹೋಗುವ ಗಡಿ ರಸ್ತೆಗಳಿಗೆ ಮಣ್ಣು ತಂದು ಸುರಿದರು, ನನ್ನ ಉಳಿದ ಬಟ್ಟೆಯೆಲ್ಲ ಬೆಂಗಳೂರಿನ ರೂಮಿನಲ್ಲಿ ಬಾಕಿ. ಹಾಗಾಗಿ ಸೋಮವಾರ ನೀಲಿ ಶರ್ಟು, ಮಂಗಳವಾರ ಬಿಳಿ ಶರ್ಟು, ಬುಧವಾರ ಪುನಃ ನೀಲಿ. ಮಳೆಗಾಲ ಶುರುವಾದ ಮೇಲೆ ಒಗೆದದ್ದು ಒಣಗುವುದೇ ಇಲ್ಲ. ಅಮ್ಮ ಅವನ್ನು ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ ಹರವುತ್ತಿದ್ದರು. ಹಾಕಿಕೊಂಡರೆ ತೆಂಗಿನ ಸಿಪ್ಪೆಯ ಹೊಗೆ ವಾಸನೆ. ವಿಡಿಯೋದಲ್ಲಿ ವಾಸನೆ ಆಚೆ ಹೋಗುವುದಿಲ್ಲ, ಅಷ್ಟು ಪುಣ್ಯ.

ರೇಂಜ್ ಸಿಗುತ್ತಿದ್ದದ್ದು ಜಗಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಮೇಲೆ ಇಸ್ತ್ರಿ ಇಲ್ಲದ ಶರ್ಟು, ಕೆಳಗೆ ಲುಂಗಿ ಉಟ್ಟು ಕೂತರೆ, ಯಕ್ಷಗಾನ ಆಟದ ಚೌಕಿಯಲ್ಲಿ ಮುಖಕ್ಕೆ ಬಣ್ಣ ಹಚ್ಚಿ ಮುಗಿಸಿ, ಸೊಂಟಕ್ಕೆ ಇನ್ನೂ ಬೈರಾಸು ಸುತ್ತಿಕೊಂಡೇ ಇರುವ ವೇಷಧಾರಿಯ ಹಾಗೆ ಕಾಣುತ್ತಿದ್ದೆ. ಅವನಿಗಾದರೂ ಮುಂದೆ ವೇಷ ಪೂರ್ತಿ ಆಗುತ್ತದೆ.

ಈಗ ಲುಂಗಿಯ ವಿಷಯ. ಲುಂಗಿಗೆ ಅದರದ್ದೇ ಕಾನೂನು ಇದೆ. ತೋಟಕ್ಕೆ ಇಳಿಯುವಾಗ, ಸೆಕೆಯಾದಾಗ, ಸುಮ್ನೆ ಕೂತಾಗಲೂ ಅದನ್ನು ಮಡಚಿ ಮೊಣಕಾಲ ಮೇಲಕ್ಕೆ ಕಟ್ಟಬಹುದು. ಆದರೆ ಹಿರಿಯರು ಎದುರಿಗೆ ಬಂದರೆ ತಟ್ಟನೆ ಬಿಚ್ಚಿ ಕೆಳಗೆ ಬಿಡಬೇಕು. ಇದನ್ನು ಯಾರೂ ಕೂರಿಸಿ ಕಲಿಸುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಶಾಲೆಯ ಹಳೆಯ ಮಾಷ್ಟ್ರು ಕಂಡರೆ ಸಾಕು, ನಮಸ್ಕಾರ ಬಾಯಿಗೆ ಬರುವ ಮೊದಲೇ ಕೈ ಸೊಂಟಕ್ಕೆ ಹೋಗಿರುತ್ತದೆ. ನಮ್ಮ ಕಡೆಯ ಮರ್ಯಾದೆ ಇರುವುದೇ ಆ ಮಡಿಕೆಯಲ್ಲಿ, ನನ್ನ ಕೇಳಿದರೆ ಕೈ ಮುಗಿಯುವುದಕ್ಕಿಂತ ಜಾಸ್ತಿ.

ಜುಲೈಯಲ್ಲಿ ಒಂದು ದಿನ ನನ್ನ ಎರಡೂ ಲುಂಗಿ ಒದ್ದೆ. ಅಟ್ಟದ ಮೆಟ್ಟಿಲ ಹತ್ತಿರ ಗೂಟದಲ್ಲಿ ಒಂದು ಒಣಗಿದ್ದು ನೇತಾಡುತ್ತಿತ್ತು. ಉಟ್ಟುಕೊಂಡೆ. ಅದು ಅಪ್ಪನ ಮದ್ದು ಬಿಡುವ ಲುಂಗಿ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತು, ಸುಣ್ಣ ಕಲಸಿದ ಬೋರ್ಡೋ ಮದ್ದು ಬಿಡುತ್ತೇವಲ್ಲ, ಅದರ ಹನಿ ಬಿದ್ದ ಬಟ್ಟೆ ಯಾವ ಸಾಬೂನಿಗೂ ಬಗ್ಗುವುದಿಲ್ಲ. ಒಂದು ಕಾಲದಲ್ಲಿ ಕಾವಿ ಬಣ್ಣ ಇದ್ದಿರಬೇಕು. ಈಗ ಅದರ ಮೇಲೆಲ್ಲ ತಿಳಿನೀಲಿ ಚುಕ್ಕೆ, ಒಂದು ಕಡೆ ಇಡೀ ಒಂದು ಅಂಗೈಯ ಗುರುತು.

ಮೀಟಿಂಗು ಶುರುವಾಗಿ ಅರ್ಧ ಗಂಟೆ ಆಗಿತ್ತು. ನಾನೇ ಏನೋ ಲೆಕ್ಕ ವಿವರಿಸುತ್ತಿದ್ದೆ. ಆಗ ಪರದೆಯಲ್ಲಿ ಇನ್ನೊಂದು ಚೌಕ ತೆರೆಯಿತು, ನಮ್ಮ ಎಲ್ಲರಿಗಿಂತ ಮೇಲಿನ ದೊಡ್ಡ ಸಾಹೇಬರು. ತಲೆಗೂದಲು ಪೂರ್ತಿ ಬಿಳಿ, ಥೇಟ್ ನಮ್ಮ ಮಾಷ್ಟ್ರ ಹಾಗೆ.

ನನ್ನ ತಪ್ಪಿಲ್ಲ ಮಾರಾಯ್ರೆ. ಕಾಲು ತನ್ನಷ್ಟಕ್ಕೇ ಎದ್ದಿತು. ಕೈ ತನ್ನಷ್ಟಕ್ಕೇ ಹೋಗಿ ಮಡಚಿದ ಲುಂಗಿಯನ್ನು ಕೆಳಗೆ ಬಿಟ್ಟಿತು. ಮೊಣಕಾಲು ಮುಚ್ಚಿದೆ ಅಂತ ಖಾತ್ರಿ ಮಾಡಿಕೊಂಡು, ತುಂಬ ವಿನಯದಿಂದ "ಗುಡ್ ಮಾರ್ನಿಂಗ್ ಸರ್" ಅಂದೆ. ಕೂತೇ ಇದ್ದಿದ್ದರೆ ಶರ್ಟು ಬಿಟ್ಟು ಬೇರೆ ಏನೂ ಯಾರಿಗೂ ಕಾಣುತ್ತಿರಲಿಲ್ಲ. ಮರ್ಯಾದೆ ಕೊಡಲು ಹೋಗಿ ಇಡೀ ಲುಂಗಿಯನ್ನು ಹನ್ನೊಂದು ಜನರಿಗೆ ತೋರಿಸಿದೆ, ಅದೂ ಅಂಗೈ ಗುರುತಿನ ಕಡೆಯಿಂದಲೇ.

ಸಾಹೇಬರು ಎರಡು ಕ್ಷಣ ಸುಮ್ಮನಿದ್ದು "ಮುಂದುವರಿಸಿ" ಅಂದರು. ಮುಂದುವರಿಸಲು ಬಾಯಿ ತೆರೆಯುವಷ್ಟರಲ್ಲಿ ಅಂಗಳದಿಂದ ಅಪ್ಪನ ಸ್ವರ. ಮಳೆ ಹೊಳವಾಗಿತ್ತು, ಎರಡನೇ ಸಲದ ಮದ್ದು ಬಿಡಲು ಜನ ಬಂದಾಗಿತ್ತು.

"ನನ್ನ ಮದ್ದಿನ ಲುಂಗಿ ಎಂತ ಆಯ್ತು? ಇಲ್ಲೇ ಗೂಟದಲ್ಲಿತ್ತು!"

ಮೈಕು ಬಂದ್ ಮಾಡಲು ನೆನಪಾಗಲಿಲ್ಲ. ಅಪ್ಪ ಜಗಲಿಗೆ ಹತ್ತಿ, ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡೇ ನನ್ನ ಹಿಂದೆ ಬಂದು ನಿಂತು, ಲುಂಗಿ ನೋಡಿ, ಆಮೇಲೆ ಪರದೆ ನೋಡಿದರು. ಅಷ್ಟು ಜನ ಕಂಡದ್ದೇ, ಅವರ ಕೈಯೂ ಸೊಂಟಕ್ಕೆ ಹೋಯಿತು. ಎತ್ತಿ ಕಟ್ಟಿದ್ದನ್ನು ಕೆಳಗೆ ಬಿಟ್ಟು, ಎಲ್ಲರಿಗೂ ಸೇರಿಸಿ ಒಂದು ನಮಸ್ಕಾರ ಹೇಳಿ ಹೋದರು. ಆಫೀಸಿನಲ್ಲಿ ಅವರ ಬಗ್ಗೆ ಈಗಲೂ ಒಳ್ಳೆಯ ಅಭಿಪ್ರಾಯ ಇದೆ.

ಸಂಜೆ ಬೆಂಗಳೂರಿನ ಒಬ್ಬ ಸಹೋದ್ಯೋಗಿಯ ಮೆಸೇಜು ಬಂತು. ತಮಾಷೆಗಿರಬೇಕು ಅಂದುಕೊಂಡೆ, ಅಲ್ಲ. ಆ ಟೈ ಅಂಡ್ ಡೈ ತುಂಬ ಚೆನ್ನಾಗಿದೆ, ಎಲ್ಲಿ ತಗೊಂಡ್ರಿ, ತಮ್ಮನಿಗೆ ಒಂದು ಬೇಕಿತ್ತು ಅಂತ. ಅಂಗಡಿಯಲ್ಲಿ ಸಿಗುವುದಿಲ್ಲ, ಮನೆಯಲ್ಲೇ ಮಾಡಬೇಕು ಅಂತ ಬರೆದೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆಗಾಲಕ್ಕೆ ಮೊದಲು ಒಂದು ಸಲ, 40 ದಿನ ಬಿಟ್ಟು ಇನ್ನೊಂದು ಸಲ.