ಮೊದಲು ಲೆಕ್ಕ, ಆಮೇಲೆ ಕೋಡ್

ಕಂಪ್ಯೂಟರಿನ ನೆರವಿನಿಂದ ಸಮಸ್ಯೆ ಬಿಡಿಸುವುದನ್ನು ಕಲಿಸುವ ವಿಶ್ವವಿದ್ಯಾಲಯದ ಮೊದಲ ಕೋರ್ಸನ್ನು ನಾಡಿನಲ್ಲಿದ್ದಾಗ ವಿದ್ಯಾರ್ಥಿಯಾಗಿ ಓದಿದ ನಾನು, ಈಗ ಹೊರನಾಡಿನಲ್ಲಿ ಅಂಥದೇ ಕೋರ್ಸಿನ ಟ್ಯುಟೋರಿಯಲ್ ತರಗತಿಗಳನ್ನು ನಡೆಸುತ್ತಿದ್ದೇನೆ. ನಾಡಿನಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಡೇಟಾ ಟೈಪ್‌ಗಳು (ಮಾಹಿತಿಯ ಬಗೆಗಳು), ಆಪರೇಟರ್‌ಗಳು (ಕೂಡುವ, ಹೋಲಿಸುವಂಥ ಚಿಹ್ನೆಗಳು), ಉತ್ತರವನ್ನು ತೆರೆಯ ಮೇಲೆ ತೋರಿಸುವ ಪ್ರಿಂಟ್‌ಎಫ್‌ನ ಚಿಹ್ನೆಗಳು ಎಲ್ಲವೂ ಮುಗಿದ ಮೇಲಷ್ಟೇ ಲೆಕ್ಕದ ಸರದಿ ಬರುತ್ತಿತ್ತು. ಇಲ್ಲಿ ಮೊದಲ ತರಗತಿಯಲ್ಲೇ ಒಂದು ಲೆಕ್ಕ ಕೊಟ್ಟು, ಅದಕ್ಕೆ ಬೇಕಾದಷ್ಟು ಪೈಥಾನ್ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಭಾಷೆಯನ್ನು ಮಾತ್ರ ಹೇಳಿಕೊಡುತ್ತಾರೆ. ಎರಡನೆಯ ದಾರಿಯೇ ಮೇಲು ಎಂಬುದು ನನ್ನ ಅನಿಸಿಕೆ, ಆದರೆ ಅದಕ್ಕೆ ಕಾರಣ ಪೈಥಾನ್ ಸುಲಭ ಎಂಬುದಲ್ಲ.

ಪಟ್ಟಿಯೊಂದರಲ್ಲಿ ಅತಿ ದೊಡ್ಡ ಸಂಖ್ಯೆಯನ್ನು ಹುಡುಕುವ ಲೆಕ್ಕವನ್ನೇ ನೋಡೋಣ. ಹೊಸಬರಲ್ಲಿ ಅನೇಕರು ಒಂದು ವೇರಿಯಬಲ್‌ಗೆ (ಬೆಲೆಯನ್ನು ಹಿಡಿದಿಡುವ ಹೆಸರಿಗೆ) 0 ಕೊಟ್ಟು, ಅದಕ್ಕಿಂತ ದೊಡ್ಡದು ಸಿಕ್ಕಾಗಲೆಲ್ಲ ಬದಲಿಸುತ್ತ ಹೋಗುತ್ತಾರೆ. 12, 7, 30 ಕೊಟ್ಟರೆ 30 ಎಂಬ ಸರಿಯಾದ ಉತ್ತರವೇ ಬರುತ್ತದೆ. ಆದರೆ -5, -2, -9 ಕೊಟ್ಟರೆ ಪಟ್ಟಿಯಲ್ಲಿ ಇಲ್ಲವೇ ಇಲ್ಲದ 0 ಉತ್ತರವಾಗಿ ಬಂದು ಕೂರುತ್ತದೆ. ಇದಕ್ಕೆ ಪಟ್ಟಿಯ ಮೊದಲ ಸಂಖ್ಯೆಯಿಂದಲೇ ಹೊರಡುವುದು ಪರಿಹಾರವಾದರೂ, ಪಟ್ಟಿಯೇ ಖಾಲಿಯಿದ್ದರೆ ಏನು ಮಾಡಬೇಕೆಂಬ ಪ್ರಶ್ನೆ ಕೂಡಲೇ ಏಳುತ್ತದೆ, ಮತ್ತು ಅದಕ್ಕೆ ಉತ್ತರ ಯಾವ ಭಾಷೆಯ ವ್ಯಾಕರಣದಲ್ಲೂ ಇಲ್ಲ, ಲೆಕ್ಕ ಕೊಟ್ಟವರನ್ನೇ ಕೇಳಬೇಕು. ಸಮಸ್ಯೆಯನ್ನು ಅರ್ಥಮಾಡಿಕೊಳ್ಳುವುದು, ಯೋಜನೆ ಹಾಕುವುದು, ಅದನ್ನು ನಡೆಸುವುದು, ಹಿಂದಿರುಗಿ ನೋಡುವುದು ಎಂದು ಗಣಿತಜ್ಞ ಜಾರ್ಜ್ ಪೋಲ್ಯಾ 1945ರಲ್ಲಿ ಹೇಳಿದ ನಾಲ್ಕು ಹಂತಗಳಲ್ಲಿ ಕೋಡ್ ಬರೆಯುವ ಕೆಲಸ ಮೂರನೆಯದಕ್ಕೆ ಸೇರುತ್ತದೆ. ನಮ್ಮ ಹಳೆಯ ಪಠ್ಯಕ್ರಮ ಅಲ್ಲಿಂದಲೇ ಶುರುವಾಗುತ್ತಿತ್ತು.

ಹಾಗೆಂದು ಇಲ್ಲಿನದೆಲ್ಲ ಚೆನ್ನ ಎನ್ನಲಾರೆ. ಉತ್ತರಗಳನ್ನು ಪರೀಕ್ಷಿಸಲು ಯಂತ್ರವೇ ಇರುವುದರಿಂದ, ಸಂಖ್ಯೆಗಳನ್ನು ಒಂದೊಂದಾಗಿ ಕೊಡುವ ಪೈಥಾನಿನ ರೇಂಜ್(1, 10) 9ಕ್ಕೇ ನಿಲ್ಲುತ್ತದೆಂದು ತಿಳಿಯದ ವಿದ್ಯಾರ್ಥಿ 10 ಅನ್ನು 11 ಮಾಡಿ, ಅದೂ ಆಗದಿದ್ದರೆ ಬೇರೇನನ್ನೋ ತಿದ್ದಿ, ಉತ್ತರ ಸರಿ ಎನ್ನುವ ಹಸಿರು ಗುರುತು ಬರುವ ತನಕ ಒತ್ತುತ್ತಲೇ ಇರುತ್ತಾನೆ. ಗುರುತು ಬಂದಮೇಲೆ ಯಾಕೆ ಬಂತೆಂದು ಕೇಳಿದರೆ ಉತ್ತರವಿಲ್ಲ. (ಗುರುತು ಕಂಡ ಮರುಕ್ಷಣ ಲ್ಯಾಪ್‌ಟಾಪ್ ಮುಚ್ಚುವ ವೇಗ ಮಾತ್ರ ಮೆಚ್ಚತಕ್ಕದ್ದು.) ಈ ವಿಷಯದಲ್ಲಿ ನಾಡಿನ ಹಳೆಯ ಪದ್ಧತಿಯೇ ಗಟ್ಟಿ: ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದ ಮೇಲೆ ಡ್ರೈ ರನ್ ಮಾಡಿ, ಪ್ರತಿ ಸುತ್ತಿನಲ್ಲೂ ಪ್ರತಿಯೊಂದು ವೇರಿಯಬಲ್‌ನ ಬೆಲೆಯನ್ನು ಬರೆದು ತೋರಿಸಬೇಕಿತ್ತು. 1071 ಮತ್ತು 462ರ ಮಹತ್ತಮ ಸಾಮಾನ್ಯ ಅಪವರ್ತನವನ್ನು ಯೂಕ್ಲಿಡ್‌ನ ಕ್ರಮದಲ್ಲಿ, ಅಂದರೆ ದೊಡ್ಡದನ್ನು ಚಿಕ್ಕದರಿಂದ, ಆಮೇಲೆ ಚಿಕ್ಕದನ್ನು ಶೇಷದಿಂದ ಭಾಗಿಸುತ್ತ ಹೋಗಿ ತೆಗೆದರೆ ಶೇಷ 147, ಆಮೇಲೆ 21, ಕೊನೆಗೆ 0; ಹಾಗಾಗಿ ಉತ್ತರ 21. ಮೂರೇ ಸಾಲಿನ ಆ ಕೋಷ್ಟಕವನ್ನು ಕೈಯಾರೆ ಬರೆದವರಿಗೆ ಲೂಪ್ (ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುವ ಸುತ್ತು) ಎಲ್ಲಿ, ಯಾಕೆ ನಿಲ್ಲುತ್ತದೆಂದು ಮತ್ತೆ ವಿವರಿಸಬೇಕಾಗಿಲ್ಲ.

ಆದ್ದರಿಂದ ಇಲ್ಲಿಯ ಕೋರ್ಸಿನಲ್ಲೂ ಕೋಡಿನ ಜೊತೆಗೆ ಕೈಬರಹದ ಕೋಷ್ಟಕವನ್ನು ಕೇಳಬೇಕು, ಅದಕ್ಕೂ ಅಂಕವಿರಬೇಕು ಎಂದು ನಾನು ವಾದಿಸುತ್ತ ಬಂದಿದ್ದೇನೆ. ನೂರಾರು ಜನರಿರುವ ತರಗತಿಯಲ್ಲಿ ಅವನ್ನು ಯಂತ್ರದಂತೆ ಕ್ಷಣದಲ್ಲಿ ತಿದ್ದಲಾಗದು ಎಂಬ ಆಕ್ಷೇಪ ನಿಜವೇ, ಆದರೆ ಮೊದಲ ಕೆಲವು ವಾರಗಳ ಸಣ್ಣ ಲೆಕ್ಕಗಳಿಗಾದರೂ ಟ್ಯುಟೋರಿಯಲ್ ನಡೆಸುವ ನಾವೇ ಆ ಕೆಲಸವನ್ನು ಹಂಚಿಕೊಳ್ಳಬಹುದು.