ಉಸಿರಿಗೊಂದು ಕಾಮಾ

ನಮ್ಮ ಇಂಗ್ಲಿಷ್ ಮೇಷ್ಟ್ರು ಕಾಮಾ ಬಗ್ಗೆ ಹೇಳಿಕೊಟ್ಟಿದ್ದು ಒಂದೇ ಸೂತ್ರ. ಓದುವಾಗ ಎಲ್ಲಿ ಉಸಿರು ಬೇಕೋ ಅಲ್ಲೊಂದು ಕಾಮಾ ಹಾಕು. ನಾನು ಇವತ್ತಿಗೂ ಅದನ್ನೇ ಪಾಲಿಸುತ್ತಿದ್ದೇನೆ. ಹಾಗಾಗಿ ಲಿಫ್ಟ್ ಕೆಟ್ಟ ದಿನ ಮೆಟ್ಟಿಲು ಹತ್ತಿ ಬಂದು ಬರೆದ ಮೇಲ್‌ನಲ್ಲಿ ಪದಕ್ಕೊಂದು ಕಾಮಾ. ನೆಗಡಿ ಆದಾಗಲಂತೂ ಕೇಳಲೇಬೇಡಿ. ಆರಾಮಾಗಿ ಕೂತು ಬರೆದರೆ ಅರ್ಧ ಪುಟಕ್ಕೆ ಒಂದೂ ಇಲ್ಲ.

ಪಾಪ, ಮೇಷ್ಟ್ರು ಹೇಳಿದ್ದು ಸುಳ್ಳೇನಲ್ಲ. ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿ ಅರಿಸ್ಟೋಫೇನಿಸ್ ಅಂತ ಒಬ್ಬ ಪಂಡಿತನಿದ್ದ. ನಾಟಕ ಬರೆದವನಲ್ಲ, ಬೈಜಾಂಟಿಯಂ ಊರಿನ ಇನ್ನೊಬ್ಬ. ಆಗ ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ಗಟ್ಟಿಯಾಗಿ ಓದುವವರು ಎಲ್ಲಿ ಎಷ್ಟು ಹೊತ್ತು ನಿಲ್ಲಬೇಕು ಅಂತ ತೋರಿಸಲು ಅವನು ಮೂರು ಎತ್ತರದಲ್ಲಿ ಚುಕ್ಕಿ ಇಟ್ಟ. ಕಾಮಾ, ಕೋಲನ್ ಎಂಬ ಹೆಸರುಗಳೂ ಗ್ರೀಕರವೇ. ಅಂದರೆ ಮೇಷ್ಟ್ರ ಪಾಠ ಸರಿಯಾಗೇ ಇತ್ತು, ಎರಡು ಸಾವಿರ ವರ್ಷ ತಡವಾಗಿತ್ತು ಅಷ್ಟೆ. ಈಗಿನ ಕಾಮಾ ಉಸಿರಿನ ಮಾತು ಕೇಳಲ್ಲ, ಅರ್ಥದ ಮಾತು ಕೇಳುತ್ತದೆ.

ಇದು ನನಗೆ ತಿಳಿದಿದ್ದು ಒಂದು ವರದಿಯ ದೆಸೆಯಿಂದ. 'ವರದಿ ಫೈನಲ್ಲಾ?' ಅಂತ ಬಾಸ್ ಮೇಲ್ ಹಾಕಿದರು. ಆವತ್ತು ಉಸಿರಾಟ ಚೆನ್ನಾಗಿತ್ತು. 'ನೋ ಮೋರ್ ಚೇಂಜಸ್ ಆರ್ ನೀಡೆಡ್' ಅಂತ ಒಂದೇ ಉಸಿರಿಗೆ ಬರೆದು ಕಳಿಸಿದೆ. ನನ್ನ ಮನಸ್ಸಲ್ಲಿದ್ದದ್ದು 'ಇಲ್ಲ, ಇನ್ನೂ ತಿದ್ದಬೇಕು' ಅಂತ. ಅವರು ಓದಿಕೊಂಡಿದ್ದು 'ಇನ್ನೇನೂ ತಿದ್ದೋದು ಬೇಡ' ಅಂತ. ನೋ ಆದ ಮೇಲೆ ಒಂದು ಕಾಮಾ ಉದುರಿಸಿದ್ದರೆ ಮುಗಿದಿತ್ತು. ವರದಿ ಮೇಲಿನವರಿಗೆ ಹೋಯಿತು. ಮೂರನೇ ಪುಟದಲ್ಲಿ ನಾನೇ ಹಳದಿ ಬಳಿದು ಬರೆದಿಟ್ಟುಕೊಂಡಿದ್ದ 'ಈ ಅಂಕಿ ಯಾಕೋ ಡೌಟು, ಆಮೇಲೆ ನೋಡೋಣ' ಎಂಬ ಟಿಪ್ಪಣಿ ಸಮೇತ.

ಸಮಾಧಾನಕ್ಕೆ ಅಮೆರಿಕದ ಮೇನ್ ರಾಜ್ಯದ ಕಥೆ ಹುಡುಕಿಕೊಂಡೆ. ಓವರ್‌ಟೈಮ್ ಕೊಡಬೇಕಿಲ್ಲದ ಕೆಲಸಗಳ ಪಟ್ಟಿ ಅಲ್ಲಿನ ಕಾನೂನಿನಲ್ಲಿತ್ತು. ಅದರ ಕೊನೆಗೆ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಅಂತ ಬರುತ್ತದೆ. 'ಆರ್'ಗೆ ಮುಂಚೆ ಕಾಮಾ ಇಲ್ಲ. ಒಂದು ಹಾಲಿನ ಕಂಪನಿಯ ಡ್ರೈವರ್‌ಗಳು ಅಲ್ಲೇ ಹಿಡಿದರು. ಕಾಮಾ ಇಲ್ಲದ ಮೇಲೆ ಇದೆಲ್ಲ ಪ್ಯಾಕ್ ಮಾಡುವವರ ವಿಷಯ, ನಾವು ಪ್ಯಾಕ್ ಮಾಡಲ್ಲ, ಸಾಗಿಸ್ತೀವಿ ಅಂದರು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಕಡೆಗೇ ವಾಲಿತು. 2018ರಲ್ಲಿ ಕಂಪನಿ 50 ಲಕ್ಷ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಇದನ್ನು ಬಾಸ್‌ಗೆ ವಿವರಿಸಿದೆ. 'ಅವರಿಗೆ ದುಡ್ಡಾದರೂ ಬಂತಲ್ರೀ' ಅಂದರು.

ಅಪಾಸ್ಟ್ರಫಿ ವಿಷಯ ಎತ್ತುವುದೇ ಬೇಡ. ಯಾರದ್ದು ಅಂತ ಹೇಳಲು ಹೆಸರುಗಳಿಗೆಲ್ಲ ಆ ಬಾಲ ಬೇಕು, 'ಇದರ' ಅನ್ನುವ ಇಟ್ಸ್‌ಗೆ ಮಾತ್ರ ಬೇಡವಂತೆ. ಇದ್ಯಾವ ನ್ಯಾಯ?

ನನ್ನನ್ನು ನಿಜವಾಗಿ ಮುಳುಗಿಸಿದ್ದು ಕೋಟ್ ಚಿಹ್ನೆ. ಕನ್ನಡದಲ್ಲಿ ಒಂದು 'ಅಂತ' ಸೇರಿಸಿದರೆ ಯಾರ ಮಾತು ಎಲ್ಲಿ ಮುಗಿಯಿತು ಅಂತ ಗೊತ್ತಾಗುತ್ತೆ ಅಲ್ವಾ? ಹಾಗಾಗಿ ಕೋಟ್ ಅಂದರೆ ನನಗೆ ಸುಮ್ನೆ ಅಲಂಕಾರ, ಪದಕ್ಕೆ ತೂಕ ಬರಲಿ ಅಂತ ಹಾಕುವುದು. ಆ ವರದಿ ಸರಿಮಾಡಲು ಸಹೋದ್ಯೋಗಿಯೊಬ್ಬರು ರಾತ್ರಿ ಹತ್ತರವರೆಗೂ ಜೊತೆಗೆ ಕೂತಿದ್ದರು. 'ಥ್ಯಾಂಕ್ಸ್ ಫಾರ್ ಯುವರ್ ಹೆಲ್ಪ್' ಅಂತ ಅವರಿಗೆ ಮೆಸೇಜ್ ಹಾಕುವಾಗ, ಹೆಲ್ಪ್ ಅನ್ನುವುದು ಎದ್ದು ಕಾಣಲಿ ಅಂತ ಅದೊಂದನ್ನೇ ಕೋಟ್ ಒಳಗೆ ಕೂರಿಸಿದೆ. ಇಂಗ್ಲಿಷ್‌ನಲ್ಲಿ ಹಾಗೆ ಒಂಟಿ ಪದಕ್ಕೆ ಕೋಟ್ ಹಾಕಿದರೆ ವ್ಯಂಗ್ಯವಂತೆ. ನಾನು ಹೇಳಿದ್ದು 'ಅಂತ', ಅವರು ಓದಿಕೊಂಡಿದ್ದು 'ಅಂತೆ'. ಮಹಾ ಹೆಲ್ಪ್ ಅಂತೆ!

ಎರಡು ದಿನ ಮಾತಿಲ್ಲ. ಮೂರನೇ ದಿನ ನಡೆದಿದ್ದೆಲ್ಲ ಬರೆದು ಸಾರಿ ಕೇಳಿದೆ, ಮೂರು ಆಶ್ಚರ್ಯಸೂಚಕ ಹಾಕಿ. ಉತ್ತರ ಬಂತು. ಓಕೆ. ಅದರ ಮುಂದೆ ಒಂದು ಫುಲ್‌ಸ್ಟಾಪ್.

ಅಮೆರಿಕದ ಬಿಂಗ್‌ಹ್ಯಾಂಟನ್ ವಿಶ್ವವಿದ್ಯಾಲಯದವರು 126 ವಿದ್ಯಾರ್ಥಿಗಳಿಗೆ ಇಂಥ ಮೆಸೇಜ್‌ಗಳನ್ನು ತೋರಿಸಿ ಕೇಳಿದ್ದರಂತೆ. ಚುಟುಕು ಉತ್ತರದ ಕೊನೆಗೆ ಫುಲ್‌ಸ್ಟಾಪ್ ಇದ್ದರೆ ಅದು ಮನಸಾರೆ ಹೇಳಿದ್ದಲ್ಲ ಅಂತ ಅವರಿಗೆ ಅನ್ನಿಸಿತಂತೆ. ಇದನ್ನು ನಾನು ಓದಬಾರದಿತ್ತು. ನಮ್ಮ ಸಹೋದ್ಯೋಗಿಗೆ ಮೊದಲಿಂದಲೂ ಫುಲ್‌ಸ್ಟಾಪ್ ಹಾಕುವ ಅಭ್ಯಾಸ ಇರಬಹುದಲ್ಲ ಅಂತ ಹಳೇ ಮೆಸೇಜ್‌ಗಳನ್ನೆಲ್ಲ ತೆಗೆದು ನೋಡಿದೆ. ಪೂರ್ತಿ ಎರಡು ವರ್ಷದ್ದು.

ಒಂದರಲ್ಲೂ ಇರಲಿಲ್ಲ.