ಉಂಗುರದ ಹಂತವೂ ಕಾಣಬೇಕು

ಬೆಳಕಿನಿಂದ ಮಲೇರಿಯಾ ಪತ್ತೆ ಮಾಡುವ ವಿಧಾನಗಳ ಲೇಖನವನ್ನು ಎರಡು ಬಾರಿ ಓದಿದೆ. ಶಿರಾ ಕಡೆಯ ಪ್ರಯೋಗಾಲಯದಲ್ಲಿ ಹದಿನೆಂಟು ವರ್ಷಗಳಿಂದ ರಕ್ತಲೇಪನ (ಗಾಜಿನ ಮೇಲೆ ಹರಡಿದ ರಕ್ತದ ಹನಿ) ನೋಡುತ್ತಿರುವವಳು ನಾನು. ಸೂಕ್ಷ್ಮದರ್ಶಕದಲ್ಲಿ ನೂರು ನೋಟಗಳನ್ನಾದರೂ ಜಾಲಾಡದೆ 'ಇಲ್ಲ' ಎಂದು ಬರೆಯಲು ಮನಸ್ಸೊಪ್ಪುವುದಿಲ್ಲ. ಸಂಜೆಯ ಹೊತ್ತಿಗೆ ಕಣ್ಣು ಉರಿಯುತ್ತದೆ.

ಇಂಥ ಪತ್ತೆಯಲ್ಲಿ ನ್ಯಾನೊ, ಅಂದರೆ ಅತಿ ಸೂಕ್ಷ್ಮ ಕಣಗಳ ತಂತ್ರ, ನಮಗೆ ದೂರದ ಮಾತಲ್ಲ. ಆಶಾ ಕಾರ್ಯಕರ್ತೆಯರ ಚೀಲದಲ್ಲಿರುವ ಪರೀಕ್ಷಾ ಕಿಟ್‌ನಲ್ಲಿ ಮೂಡುವ ಕೆಂಪು ಗೆರೆ ಸಾಮಾನ್ಯವಾಗಿ ಚಿನ್ನದ ನ್ಯಾನೊ ಕಣಗಳದ್ದೇ. ಆದರೆ ಫಾಲ್ಸಿಪಾರಂ ಎಂಬ ಮಲೇರಿಯಾ ಪರಾವಲಂಬಿಯು ಸಾಮಾನ್ಯವಾಗಿ ತಯಾರಿಸುವ ಎಚ್‌ಆರ್‌ಪಿ2 ಪ್ರೋಟೀನ್ ಇಲ್ಲದ ಅದರ ತಳಿಗಳು ಅದನ್ನೇ ಹುಡುಕುವ ಕಿಟ್‌ನ ಕಣ್ಣು ತಪ್ಪಿಸುತ್ತವೆ. ಬೆಳಕಿನ ವಿಧಾನ ನನಗೆ ಹಿಡಿಸಿದ್ದು ಇಲ್ಲೇ. ಪರಾವಲಂಬಿ ನಮ್ಮ ಹಿಮೋಗ್ಲೋಬಿನ್ ತಿಂದ ಮೇಲೆ ಉಳಿಸುವ ಹಿಮೋಜೋಯಿನ್ ಎಂಬ ಕಪ್ಪು ಹರಳನ್ನು ಅದು ಹುಡುಕುತ್ತದೆ. 1880ರಲ್ಲಿ ಫ್ರೆಂಚ್ ವೈದ್ಯ ಲ್ಯಾವೆರಾನ್ ಅವರು ಸೂಕ್ಷ್ಮದರ್ಶಕದಲ್ಲಿ ಪರಾವಲಂಬಿಯನ್ನು ಗುರುತಿಸಿದ್ದೂ ಈ ಕಪ್ಪು ಕಣಗಳ ಬೆನ್ನು ಹತ್ತಿಯೇ.

ಆದರೆ ಪರಾವಲಂಬಿ ಇನ್ನೂ ಎಳೆಯದಾಗಿ ಕೆಂಪು ರಕ್ತಕಣದೊಳಗೆ ಉಂಗುರದಂತೆ ಕಾಣುವ ಹಂತದಲ್ಲಿ ಹರಳು ತೀರಾ ಕಡಿಮೆ. ಮಂಗಳೂರಿನಿಂದ ಚಳಿಜ್ವರದೊಂದಿಗೆ ಮರಳಿದ ಗಾರೆ ಕೆಲಸದ ಹುಡುಗನೊಬ್ಬನ ಲೇಪನದಲ್ಲಿ ನನಗೆ ಸಿಕ್ಕಿದ್ದು ಅಂಥ ನಾಲ್ಕೇ ಉಂಗುರಗಳು, ಹರಳಿನ ಸುಳಿವೇ ಇರಲಿಲ್ಲ. ಹೊಸ ಯಂತ್ರ ಮೊದಲು ಇಂಥ ರಕ್ತದ ಮೇಲೆ ಗೆಲ್ಲಲಿ. ವಿದ್ಯುತ್ ಹೋದಾಗಲೂ ಬ್ಯಾಟರಿಯಲ್ಲಿ ನಡೆಯುವಂತಿದ್ದರೆ ಪಾವಗಡದ ಹಳ್ಳಿಗಳಿಗೂ ಒಯ್ಯಬಹುದು.